ಯೀಸ್ಟಿನ ಆಹಾರವಿವೇಕವೂ ನ್ಯಾಯಶಾಸ್ತ್ರದ ಪರಿಭಾಷೆಯೂ

ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುದುಗೆಬ್ಬಿಸುವ ದ್ರವ್ಯ. ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ಅದೇ ಶಬ್ದಕ್ಕೆ ಎನ್‌ಜೈಮೆಂದು ಅರ್ಥ. ಪದವೊಂದು ಹೀಗೆ ಅರ್ಥದಿಂದ ಅರ್ಥಕ್ಕೆ ಸರಿದರೆ ದೊಡ್ಡ ಬಾಧಕವಿಲ್ಲ. ಎರಡು ಭಿನ್ನವ್ಯಾಪಾರಗಳ ಮೇಲೆ ಒಂದೇ ಪದವನ್ನು ಹೊದಿಸಿದರೆ ಮಾತ್ರ ಬಾಧಕವುಂಟು. ಯೀಸ್ಟಿನ ವಿಷಯದಲ್ಲಿ 'ಪ್ರಚೋದಕ'ವೆಂಬ ಮಾತಿನಿಂದ ಅಂಥ ಭಯವಿದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಬೇಕರಿಯವರು ರೊಟ್ಟಿಯ ಹಿಟ್ಟಿಗೆ ಹಾಕುವ ಯೀಸ್ಟು ಏಕಕೋಶದ ಜೀವಿ. ಅದರಲ್ಲಿ ಸುಮಾರು ೬೦೦೦ ಜೀನುಗಳುಂಟು; ಎಲ್ಲವೂ ಸರ್ವಕಾಲದಲ್ಲಿ ನಡೆಯತಕ್ಕವಲ್ಲ. ಗ್ಲೂಕೋಸೆಂಬ ಸಕ್ಕರೆ ಅದಕ್ಕೆ ಪರಮಪ್ರಿಯ. ಹಾಲಿನ ಸಕ್ಕರೆಯ ಅರ್ಧಾಂಶವಾದ ಗ್ಯಾಲಕ್ಟೋಸನ್ನೂ ಅದು ತಿನ್ನಬಲ್ಲುದು. ಆದರೆ ಅದಕ್ಕೆ ಬೇಕಾದ ಎನ್‌ಜೈಮುಗಳನ್ನು ಆ ಸಕ್ಕರೆ ದೊರೆತಾಗ ಮಾತ್ರ ಕಟ್ಟಿಕೊಳ್ಳುತ್ತದೆ. ಆಗ ಆ ಜೀನುಗಳ ವ್ಯಾಪಾರವು ಸುಮಾರು ಸಾವಿರ ಮಡಿ ಏರುತ್ತದೆ.

ಇದನ್ನು ಕೇಳಿದವರು ಗ್ಯಾಲಕ್ಟೋಸೇ ಜೀನನ್ನು ಹೊತ್ತಿಸುತ್ತದೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಜೀನನ್ನು ನಡೆಸುವ ಪ್ರೋಟೀನು ಗ್ಯಾಲ್-೪. ಗ್ಲೂಕೋಸಿಲ್ಲದಿರುವಾಗ, ಗ್ಯಾಲಕ್ಟೋಸ್ ಬರುವ ಮೊದಲೇ ಅದು ಜೀನಿನ ಬಾಗಿಲಲ್ಲಿ ಕುಳಿತಿರುತ್ತದೆ. ಆದರೆ ಗ್ಯಾಲ್-೮೦ ಎಂಬ ಇನ್ನೊಂದು ಪ್ರೋಟೀನು ಅದನ್ನು ಅಪ್ಪಿ ನಿಶ್ಚೇಷ್ಟಗೊಳಿಸಿರುತ್ತದೆ. ಗ್ಯಾಲಕ್ಟೋಸ್ ಒಳಬಂದು ಗ್ಯಾಲ್-೩ನ್ನು ಕೂಡಿದಾಗ, ಆ ಜೋಡಿಯು ಗ್ಯಾಲ್-೮೦ನ್ನು ಹಿಡಿದು ತಡೆಯನ್ನು ಕಳೆಯುತ್ತದೆ.

ಮುಕ್ತಾವಲಿಯನ್ನು ಓದಿದವರಿಗೆ ಇಲ್ಲಿ ಅಗ್ನಿ-ಮಣಿಗಳ ವಿಚಾರವು ನೆನಪಾಗದಿರದು. ಮಣಿಯೊಂದು ಸಮೀಪದಲ್ಲಿದ್ದರೆ ಅಗ್ನಿ ಸುಡದು. ಉತ್ತೇಜಕವೊಂದನ್ನು ತಂದರೆ, ಮಣಿಯಿದ್ದರೂ ಸುಡುವುದು. ಮಣಿಯಿಂದ ಅಗ್ನಿಯ ಶಕ್ತಿಯೇ ನಾಶವಾಗಿ ಉತ್ತೇಜಕದಿಂದ ಮರಳಿ ಹುಟ್ಟುತ್ತದೆಂದು ಮೀಮಾಂಸಕರ ಮತ. ಪ್ರತಿಬಂಧವೊಂದನ್ನು ಬಿಟ್ಟು ಬೇರೇನೂ ಆಗಿಲ್ಲವೆಂದು ನೈಯಾಯಿಕರ ಮತ. ಗ್ಯಾಲ್-೪ರ ಮಟ್ಟಿಗಾದರೂ ನೈಯಾಯಿಕರೇ ಗೆದ್ದಂತೆ ನನಗೆ ತೋರುತ್ತದೆ. ಅದರ ಶಕ್ತಿ ಅಳಿದಿಲ್ಲ, ಮುಚ್ಚಿದೆಯಷ್ಟೆ.

ಇದಕ್ಕೆ ಅನ್ವಯವ್ಯತಿರೇಕಗಳ ಪ್ರಮಾಣವೂ ಇದೆ. ಗ್ಯಾಲ್-೪ ಕೆಟ್ಟ ಯೀಸ್ಟಿನಲ್ಲಿ ಎಷ್ಟು ಗ್ಯಾಲಕ್ಟೋಸಿದ್ದರೂ ಜೀನುಗಳು ಏಳವು; ಗ್ಯಾಲ್-೮೦ ಕೆಟ್ಟುದರಲ್ಲಿ ಗ್ಯಾಲಕ್ಟೋಸಿಲ್ಲದೆಯೇ ನಡೆಯುವುವು. ಗ್ಯಾಲ್-೩ ಕೆಟ್ಟರೆ ಹೊಂದಿಕೆಗೆ ದಿನಗಳೇ ಹಿಡಿಯುತ್ತವೆ. ಈ ವಿಳಂಬವನ್ನು ೧೯೪೮ರಲ್ಲಿ ವಿಂಗೆ ಮತ್ತು ರಾಬರ್ಟ್ಸ್ ತೋರಿಸಿದರು. ಅತ್ಯಂತ ನಿರ್ಣಾಯಕವಾದುದು ೧೯೯೨ರ ಪ್ರಯೋಗ. ಮುಂದೆ ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ಪೈಕೆ ಜಯದೇವ ಭಟ್ಟರೂ ಹಾಪರರೂ ಗ್ಯಾಲ್-೩ನ್ನು ಕೋಶದಲ್ಲಿ ಅತಿಯಾಗಿ ಉತ್ಪನ್ನವಾಗಿಸಿದಾಗ, ಗ್ಯಾಲಕ್ಟೋಸಿಲ್ಲದೆಯೇ ಜೀನುಗಳು ಎಚ್ಚತ್ತುವು. ಸಕ್ಕರೆಯೇ ಸಾಕ್ಷಾತ್ ಕಾರಣವಾಗಿದ್ದರೆ ಹೀಗಾಗುತ್ತಿತ್ತೆ? ಭಟ್ಟರು ೨೦೦೮ರಲ್ಲಿ ಈ ವಿಷಯವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು.

ಗ್ಲೂಕೋಸಿನ ತಡೆ ಬೇರೆ ಜಾತಿಯದು. ಅದಿರುವಾಗ ಮಿಗ್-೧ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ಗ್ಯಾಲ್-೪ರ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಗ್ಲೂಕೋಸ್ ಮುಗಿದಾಗ ಸ್ನಿಫ್-೧ ಅದನ್ನು ಹೊರಗಟ್ಟುತ್ತದೆ. ಇಲ್ಲಿ ಮಣಿಯ ದೃಷ್ಟಾಂತ ಹೊಂದದು. ಒಲೆಯಿಂದ ಸೌದೆಯನ್ನೇ ಹಿರಿದಂತೆ. ಆದುದರಿಂದ ಇದನ್ನು ನಿಗ್ರಹವೆಂದೂ, ಗ್ಯಾಲ್-೮೦ರ ಕೆಲಸವನ್ನು ಪ್ರತಿಬಂಧವೆಂದೂ ಬೇರ್ಪಡಿಸುವುದು ಯುಕ್ತ. ಗ್ಯಾಲ್-೪ಕ್ಕೆ ಪ್ರವರ್ತಕ, ಗ್ಯಾಲಕ್ಟೋಸ್‌ಸಹಿತವಾದ ಗ್ಯಾಲ್-೩ಕ್ಕೆ ಉತ್ತೇಜಕ ಎನ್ನಬಹುದು. ಲೋಕರೂಢಿಯಲ್ಲಿ ಉತ್ತೇಜನಕ್ಕೆ ಹುರಿದುಂಬಿಸುವುದೆಂಬ ಅರ್ಥವಿರುವುದರಿಂದ, ಉಪಾಧ್ಯಾಯರು ಈ ಪದವನ್ನು ಕೊಡುವಾಗ ಮಣಿಯ ಕಥೆಯನ್ನೂ ಜೊತೆಗೆ ಹೇಳಬೇಕಾದೀತು.