ಓಡುವ ಉಮೇದು ಉಳಿಯುವುದು ಹೇಗೆ?

ಓಟ ಶುರುಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಹೊಸ ಬೂಟು ತಂದ ವಾರ ಎಲ್ಲರೂ ಓಡುತ್ತಾರೆ. ಮೂರನೇ ವಾರದ ಹೊತ್ತಿಗೆ ಬೂಟು ಜಗಲಿಯ ಮೂಲೆ ಸೇರಿರುತ್ತದೆ. ಆಮೇಲೆ ‘ನನಗೆ ಉಮೇದೇ ಇಲ್ಲ’ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಹಾಗೆ ಹಳಿದುಕೊಳ್ಳುವ ಅಗತ್ಯವಿಲ್ಲ. ಉಮೇದು ಹುಟ್ಟುವುದಕ್ಕೂ ಆರುವುದಕ್ಕೂ ಕಾರಣಗಳಿವೆ. ಅವು ತಿಳಿದರೆ ದಾರಿಯೂ ಸಿಗುತ್ತದೆ. ಚಂದಗುಳಿ ಸುತ್ತಮುತ್ತಲಿನ, ಒಟ್ಟಾರೆ ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಳೆ, ಏರುತಗ್ಗು, ಅಡಿಕೆ ಕೊಯ್ಲು ಪೇಟೆಯವರು ಬರೆದ ಓಟದ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಮೊದಲು ಒಂದು ಪ್ರಯೋಗದ ಕತೆ. 2002ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇಂಗ್ಲೆಂಡಿನ 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮುಂದಿನ ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಬೆವರು ಬರುವಂತೆ ವ್ಯಾಯಾಮ ಮಾಡಬೇಕು, ಅಷ್ಟೇ. ಮೊದಲ ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ, ಅವರಲ್ಲಿ ಶೇ. 38 ಮಂದಿ ಮಾಡಿದರು. ಎರಡನೇ ಗುಂಪಿಗೆ ಹೃದಯರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿದರು. ಓದಿ ಅವರ ಮನಸ್ಸೇನೋ ಗಟ್ಟಿಯಾಯಿತು, ಮಾಡಿದವರು ಮಾತ್ರ ಶೇ. 35. ಮೂರನೇ ಗುಂಪಿಗೂ ಅದನ್ನೇ ಓದಿಸಿ, ಜೊತೆಗೆ ‘ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ, ಬರೆದುಕೊಡಿ’ ಅಂದರು. ಅವರಲ್ಲಿ ಶೇ. 91 ಮಂದಿ ಮಾಡಿದರು.

ನನಗೆ ಇದಕ್ಕಿಂತ ಉಪಯೋಗದ ಸಂಗತಿ ಬೇರೆ ಸಿಕ್ಕಿಲ್ಲ. ಉಪದೇಶ ಕೇಳಿ, ವಿಡಿಯೋ ನೋಡಿ ಮನಸ್ಸು ಏರುತ್ತದೆ, ಕಾಲು ಏಳುವುದಿಲ್ಲ. ಕಾಲು ಏಳಬೇಕಾದರೆ ಹೊತ್ತೂ ಜಾಗವೂ ಮೊದಲೇ ಗೊತ್ತಾಗಿರಬೇಕು. ಆದ್ದರಿಂದ ‘ನಾಳೆಯಿಂದ ಓಡ್ತೇನೆ’ ಅನ್ನಬೇಡಿ. ‘ಸೋಮವಾರ, ಬುಧವಾರ, ಶನಿವಾರ, ಡೈರಿಗೆ ಹಾಲು ಕೊಟ್ಟ ಮೇಲೆ, ಅಲ್ಲಿಂದ ಶಾಲೆಯವರೆಗೆ’ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಹಾಲು ಕೊಡುವುದು ದಿನವೂ ತಪ್ಪದ ಕೆಲಸ. ಅದರ ಬಾಲಕ್ಕೆ ಓಟವನ್ನು ಕಟ್ಟಿದರೆ ದಿನಾ ಹೊಸದಾಗಿ ನಿರ್ಧಾರ ಮಾಡುವ ತಾಪತ್ರಯ ಇರುವುದಿಲ್ಲ.

ರೂಢಿಯಾಗಲು ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸರಾಸರಿ 66 ದಿನ. ಕೆಲವರಿಗೆ 18 ದಿನಕ್ಕೇ ಆಯಿತು, ಕೆಲವರಿಗೆ 254 ದಿನ ಬೇಕಾಗುತ್ತದೆ ಎಂಬ ಅಂದಾಜು ಬಂತು. ವ್ಯಾಯಾಮದಂಥ ರೂಢಿ, ನೀರು ಕುಡಿಯುವಂಥ ರೂಢಿಗಿಂತ ನಿಧಾನ. ಅದೇ ಅಧ್ಯಯನದ ಇನ್ನೊಂದು ಮಾತು ಸಮಾಧಾನ ಕೊಡುತ್ತದೆ: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ಮರುದಿನ ಹೊರಟರೆ ಸಾಕು.

ಇನ್ನು ದೇಹದ ವಿಚಾರ. ಉಮೇದು ಆರುವುದಕ್ಕೆ ಮನಸ್ಸಿಗಿಂತ ಹೆಚ್ಚಾಗಿ ವೇಗ ಕಾರಣ. ಹೊಸಬರು ಬಹಳ ಜೋರಾಗಿ ಓಡುತ್ತಾರೆ. ಎರಡು ನಿಮಿಷಕ್ಕೆ ಏದುಸಿರು, ಪಕ್ಕೆ ನೋವು. ‘ಇದು ನನಗಾಗುವ ಕೆಲಸವಲ್ಲ’ ಅನ್ನಿಸಿಬಿಡುತ್ತದೆ. ಓಟ ಶುರುವಾದಾಗ ಸ್ನಾಯುಗಳು ಕೇಳುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶಗಳು ತಕ್ಷಣ ಒದಗಿಸಲಾರವು. ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಮೊದಲ ಹತ್ತು ನಿಮಿಷ ಎಲ್ಲರಿಗೂ ಭಾರವೇ, ಹಳೇ ಓಟಗಾರರಿಗೂ ಕೂಡ. ಹಾಗಾಗಿ ಬೇಜಾರಿನ ದಿನ ‘ಹತ್ತು ನಿಮಿಷ ಮಾತ್ರ’ ಎಂದುಕೊಂಡು ಹೊರಡಿ. ಹತ್ತು ನಿಮಿಷದ ಮೇಲೂ ಬೇಡವೆನಿಸಿದರೆ ವಾಪಸು ಬನ್ನಿ. ಹೆಚ್ಚಿನವರು ಬರುವುದಿಲ್ಲ.

ಸರಿಯಾದ ವೇಗ ಯಾವುದು? ಜೊತೆಯವರ ಹತ್ತಿರ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾಗುತ್ತಿದ್ದರೆ ನಿಧಾನಿಸಿ. ನಮ್ಮ ಕಡೆ ಸಪಾಟು ರಸ್ತೆ ಕಡಿಮೆ. ಏರು ಬಂದಾಗ ನಡೆಯಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ‘ಕೌಚ್ ಟು 5ಕೆ’ ಎಂಬ ಪದ್ಧತಿಯ ಹೆಸರು ಕೇಳಿರಬಹುದು. ಏನೂ ವ್ಯಾಯಾಮವಿಲ್ಲದವರನ್ನು ಒಂಬತ್ತು ವಾರಗಳಲ್ಲಿ 5 ಕಿ.ಮೀ. ಓಟಕ್ಕೆ ತಯಾರು ಮಾಡುವ ಪಟ್ಟಿ ಅದು. ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ್ದು. ಮೊದಲ ವಾರ ಮೂರು ದಿನ, ಐದು ನಿಮಿಷ ಬಿರುಸಾಗಿ ನಡೆದ ಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಇದನ್ನೇ 20 ನಿಮಿಷ. ಇಷ್ಟು ಕಡಿಮೆಯೇ ಅನ್ನಿಸುತ್ತದೆ. ಆದರೆ ಉಸಿರು ಪಳಗಿದಷ್ಟು ಬೇಗ ಮೂಳೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಪಳಗುವುದಿಲ್ಲ. ಅವಸರ ಮಾಡಿದವರಿಗೆ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ. ನೋವಿನ ಹಿಂದೆಯೇ ಉಮೇದೂ ಹೋಗುತ್ತದೆ.

ತೂಕ ಇಳಿಸಬೇಕೆಂದು ಓಡುವವರಿಗೆ ಒಂದು ಮಾತು. ಒಂದು ಕಿಲೋಮೀಟರ್ ಓಟಕ್ಕೆ ಖರ್ಚಾಗುವುದು ನಿಮ್ಮ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ. 60 ಕಿಲೋ ತೂಕದವರು ಮೂರು ಕಿ.ಮೀ. ಓಡಿದರೆ 180 ಕ್ಯಾಲೊರಿ. ಬಂದು ಕೂತು ಎರಡು ದೋಸೆ, ಬೆಲ್ಲ, ತುಪ್ಪ ತಿಂದರೆ ಲೆಕ್ಕ ಸರಿಹೋಯಿತು. ತಕ್ಕಡಿ ನೋಡಿಕೊಂಡು ಓಡುವವರು ತಿಂಗಳಲ್ಲಿ ಬೇಸತ್ತು ಬಿಡುವುದು ಇದರಿಂದಲೇ. ಚಂದಗುಳಿಯ ಘಂಟೆ ಗಣಪತಿಗೆ ಹರಕೆ ಹೊತ್ತವರು ಕೆಲಸ ಕೈಗೂಡಿದ ಮೇಲೆ ಘಂಟೆ ಕಟ್ಟುತ್ತಾರೆ. ತೂಕ ಇಳಿಯಲಿ, ನೌಕರಿ ಸಿಗಲಿ ಎಂಬ ಹರಕೆ ನಿಮಗಿದ್ದರೆ ಅದು ದೇವರ ಹತ್ತಿರ ಇರಲಿ. ನಿಮ್ಮ ಲೆಕ್ಕದಲ್ಲಿ ಮಾತ್ರ ನಿಮ್ಮ ಕೈಯಲ್ಲಿರುವುದನ್ನೇ ಇಟ್ಟುಕೊಳ್ಳಿ: ಈ ವಾರ ಮೂರು ಸಲ ಹೋದೆನೇ? ಹೋದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು. ನಿದ್ದೆ ಚೆನ್ನಾಗಿ ಬರುವುದು, ಗುಡ್ಡ ಹತ್ತುವಾಗ ಏದುಸಿರು ಬಾರದಿರುವುದು, ಇವು ತೂಕಕ್ಕಿಂತ ಮೊದಲೇ ಗೊತ್ತಾಗುತ್ತವೆ.

ತೋಟದ ಕೆಲಸ ಮಾಡುವವರಿಗೆ ಓಟ ಯಾಕೆ ಎಂದು ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸೊಪ್ಪು ಹೊರುವುದು, ಅಗೆಯುವುದು ಮೈಗೆ ಬಲ ಕೊಡುತ್ತವೆ. ಆದರೆ ಆ ಕೆಲಸ ತಡೆತಡೆದು ನಡೆಯುವಂಥದ್ದು, ವರ್ಷವಿಡೀ ಒಂದೇ ಸಮ ಇರುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷದ ಬಿರುಸಿನ ಶ್ರಮ. ದಿನವಿಡೀ ಮೈಮುರಿದು ದುಡಿಯುವವರಿಗೆ ಅದು ಕೆಲಸದಲ್ಲೇ ಆಗಿರುತ್ತದೆ. ಅವರು ಓಡದಿದ್ದರೂ ನಷ್ಟವಿಲ್ಲ. ಲೆಕ್ಕ ಬರೆಯುತ್ತ, ಅಂಗಡಿಯಲ್ಲಿ ಕೂರುತ್ತ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತ ಇರುವವರಿಗೆ ಓಟ ಬೇಕು.

ಇನ್ನೊಂದು ಅಡ್ಡಿ ಜನರ ಕಣ್ಣು. ‘ಬಸ್ಸು ತಪ್ಪೋತನ ತಮಾ?’ ಎಂದು ದಣಪೆಯ ಹತ್ತಿರ ನಿಂತವರು ಕೇಳಿಯೇ ಕೇಳುತ್ತಾರೆ. ನಿಂತು ಉತ್ತರ ಹೇಳಿ, ನಕ್ಕು ಮುಂದೆ ಹೋಗಿ. ಕೆಲವು ವಾರ ಕಳೆದರೆ ಅದೇ ಜನ ‘ನಿನ್ನೆ ಕಾಣಲೇ ಇಲ್ಲವಲ್ಲ’ ಅನ್ನುತ್ತಾರೆ. ಹೆಣ್ಣುಮಕ್ಕಳಿಗೆ ಈ ಕಾಟ ಹೆಚ್ಚು ಎಂಬುದು ನಿಜ. ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಯಾರಾದರೂ ಒಬ್ಬರು ಜೊತೆಯಾದರೆ ಅರ್ಧ ಸಂಕೋಚ ಹೋಗುತ್ತದೆ. ಚೂಡಿದಾರದಲ್ಲೇ ಓಡಬಹುದು, ವೇಲ್ ಬಿಗಿದು ಕಟ್ಟಿಕೊಂಡರಾಯಿತು.

ಜೊತೆ ಎಂಬುದು ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಜಿಲ್ಲೆಯ ಸಿದ್ದಿ ಓಟಗಾರರ ಕತೆಯನ್ನು ನೆನೆಯಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಿಂದ ಸಿದ್ದಿ ಮಕ್ಕಳನ್ನು ಆರಿಸಿ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು. 90ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಹಾಸ್ಟೆಲ್, ಊಟ, ಬೆಳಿಗ್ಗೆ ಎಬ್ಬಿಸುವ ಕೋಚ್ ಎಲ್ಲ ಒಟ್ಟಿಗೇ ಹೋಯಿತು. ಅನೇಕರು ಊರಿಗೆ ಮರಳಿ ಕೂಲಿಗೆ ಸೇರಿದರು. ಅವರ ಕಾಲಿನ ಶಕ್ತಿ ಒಂದೇ ದಿನದಲ್ಲಿ ಕರಗಿತೆಂದು ಯಾರೂ ಹೇಳಲಾರರು. ಈಚಿನ ವರ್ಷಗಳಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಈ ಭಾಗದ ಸಿದ್ದಿ ಮಕ್ಕಳಿಗೆ ಮತ್ತೆ ಓಟದ ತರಬೇತಿ ಕೊಡುತ್ತಿದೆ ಎಂಬುದು ಸಂತೋಷದ ಸಂಗತಿ. ಅಷ್ಟು ಪ್ರತಿಭೆ ಇದ್ದವರಿಗೇ ಕಾಯುವವರೊಬ್ಬರು ಬೇಕಾದರು. ನಮಗೆ ಬೇಡವೇ? ಶಾಲೆಯ ಗೇಟಿನ ಹತ್ತಿರ ಆರು ಗಂಟೆಗೆ ಒಬ್ಬ ಗೆಳೆಯ ನಿಂತಿರುತ್ತಾನೆ ಎಂದು ಗೊತ್ತಿದ್ದರೆ ಹಾಸಿಗೆಯಿಂದ ಏಳಲು ಬೇರೆ ಕಾರಣ ಬೇಕಿಲ್ಲ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳವಾಗುವುದನ್ನು ಕಾದರೆ ಓಟ ಮರೆತೇಹೋಗುತ್ತದೆ. ಸಣ್ಣ ಮಳೆಯಲ್ಲಿ ಟೊಪ್ಪಿ ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಓಡಿ. ಪಾಚಿಗಟ್ಟಿದ ಕಾಲುದಾರಿ, ಸಂಕ ಬೇಡ. ಗುಡುಗು ಸಿಡಿಲಿದ್ದರೆ ಮನೆಯಲ್ಲೇ ಇರಿ. ಉಂಬಳ ಹತ್ತಿದರೆ ಹೆದರಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ, ಅದಕ್ಕೇ ರಕ್ತ ಬಹಳ ಹೊತ್ತು ಸುರಿಯುತ್ತದೆ. ಸಾಬೂನಿನಲ್ಲಿ ತೊಳೆದು ಒತ್ತಿ ಹಿಡಿಯಿರಿ. ನೆನೆದ ಬೂಟಿನ ಒಳಪದರ ತೆಗೆದು, ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಎರಡು ತಾಸಿಗೆ ಪೇಪರ್ ಬದಲಿಸಿ. ಬಚ್ಚಲ ಒಲೆಯ ಮಗ್ಗುಲಿಗೇ ಇಟ್ಟರೆ ಅಂಟು ಬಿಟ್ಟು ತಳ ಕಿತ್ತುಬರುತ್ತದೆ, ನಾಲ್ಕು ಅಡಿ ದೂರ ಇಡಿ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಸುಲಿಯುವ ಕೆಲಸ, ಬೆಳಿಗ್ಗೆ ಬೇಯಿಸುವ ಕೆಲಸ. ಆಗ ಓಟವನ್ನು ಪೂರ್ತಿ ಬಿಡದೆ ವಾರಕ್ಕೆ ಎರಡು ಸಲಕ್ಕೆ ಇಳಿಸಿ. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರಕ್ಕೆ ಆರು ದಿನ ತರಬೇತಿ ಮಾಡುತ್ತಿದ್ದವರು ಎರಡು ದಿನಕ್ಕೆ ಇಳಿಸಿದರೂ ವೇಗ ತಗ್ಗಿಸದಿದ್ದರಿಂದ 15 ವಾರ ದಮ್ಮು ಉಳಿಸಿಕೊಂಡರು. ಕೊಯ್ಲು ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.

ಖರ್ಚೆಂದರೆ ಬೂಟು ಒಂದೇ. ಸಾಧಾರಣ ಓಟದ ಬೂಟು 1,500ರಿಂದ 3,000 ರೂಪಾಯಿಗೆ ಯಲ್ಲಾಪುರ, ಶಿರಸಿಯ ಅಂಗಡಿಗಳಲ್ಲೇ ಸಿಗುತ್ತದೆ. ಹೆಚ್ಚು ಬಗೆ ಬೇಕಾದರೆ ಹುಬ್ಬಳ್ಳಿ. ಸಂಜೆ ಹೋಗಿ ಕೊಳ್ಳಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಬೆರಳ ತುದಿಗೂ ಬೂಟಿಗೂ ನಡುವೆ ಹೆಬ್ಬೆರಳಿನಷ್ಟು ಜಾಗ ಇರಲಿ. ದೂರ ಅಳೆಯಲು ಸ್ಟ್ರಾವಾದಂಥ ಆ್ಯಪ್ ಪುಕ್ಕಟೆ ಸಿಗುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಅದು ಅಳೆಯುತ್ತದೆ, ಯಾಕೆಂದರೆ ಜಿಪಿಎಸ್ ಉಪಗ್ರಹದಿಂದ ನೇರವಾಗಿ ಬರುವ ಸಂಕೇತ. ಮಳೆಗಾಲದಲ್ಲಿ ಫೋನಿಗೆ ಪ್ಲಾಸ್ಟಿಕ್ ಕೊಟ್ಟೆ ಸಾಕು.

ಪೊಲೀಸ್ ಕಾನ್‌ಸ್ಟೇಬಲ್ ಆಗಬಯಸುವ ಹುಡುಗರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕಾಗುತ್ತದೆ. ಅರ್ಜಿ ಹಾಕುವಾಗ ಆ ವರ್ಷದ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ. ಇಂಥವರು ಹತ್ತಿರದ ಹೈಸ್ಕೂಲಿನ ಪಿ.ಟಿ. ಮಾಸ್ತರನ್ನು ಕಂಡು ಮೈದಾನ ಕೇಳಿ, ವಾರಕ್ಕೊಮ್ಮೆ ಗಡಿಯಾರ ಹಿಡಿದು ಓಡಬೇಕು. ಉಳಿದವರಿಗೆ ಗಡಿಯಾರ ಬೇಡ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳಿ. ಓಡುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ, ಪೂರ್ತಿ ಬೆಳಕು ಹರಿಯುವ ಮೊದಲು ಕಾಡಿನ ರಸ್ತೆಗೆ ಇಳಿಯಬೇಡಿ. ಆ ಹೊತ್ತಿನಲ್ಲಿ ಕಾಡುಕೋಣಗಳು ರಸ್ತೆ ದಾಟುತ್ತಿರುತ್ತವೆ.