ಕಲ್ಪಿತ ಪ್ರಾಣಿಯ ಮೈಮೇಲೆ ಮಂಜಿನ ಮಚ್ಚೆ

ಸಿನಿಮಾ, ವಿಡಿಯೋ ಗೇಮ್ ಹಾಗೂ ಮಕ್ಕಳ ಪುಸ್ತಕಗಳಿಗಾಗಿ ಲೋಕದಲ್ಲಿಲ್ಲದ ಪ್ರಾಣಿಗಳನ್ನು ಚಿತ್ರಿಸುವ ಕಲಾವಿದರನ್ನು ಪಟ್ಟೆ ಮತ್ತು ಚುಕ್ಕೆಗಳಿಗಿಂತ ಹೆಚ್ಚಾಗಿ ಕಾಡುವುದು, ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂದು ತಿಳಿಯದಂತೆ ಮೈಬಣ್ಣದೊಳಗೆ ಕರಗಿಹೋಗುವ ಮಂಜಿನಂಥ ಮಚ್ಚೆಗಳು. ಕಂಪ್ಯೂಟರಿನಲ್ಲಿ ಮೃದು ಅಂಚಿನ ಬ್ರಷ್ ಆಯ್ದು ತಿಳಿಬಣ್ಣ ಸವರಿದರೆ ಮಬ್ಬೇನೋ ಮೂಡುತ್ತದೆ. ಆದರೆ ಅದು ತುಪ್ಪಳದ ಬಣ್ಣವೆನಿಸದೆ, ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟಂತೆ ಕಾಣುತ್ತದೆ.

ನಿಸರ್ಗದಲ್ಲಿ ಮಬ್ಬು ಹುಟ್ಟುವುದು ಸವರುವಿಕೆಯಿಂದಲ್ಲ, ಬೆರಕೆಯಿಂದ. 'ರೋನ್' ಎಂಬ ಬಗೆಯ ಕುದುರೆಯಲ್ಲಿ ಬಿಳಿ ಕೂದಲು ಮತ್ತು ಬಣ್ಣದ ಕೂದಲು ಮೈತುಂಬ ಒತ್ತೊತ್ತಾಗಿ ಬೆರೆತಿರುವುದರಿಂದ ದೂರಕ್ಕೆ ಬೂದು ಹೊಗೆ ಕವಿದಂತೆ ತೋರುತ್ತದೆಯಾದರೂ, ತಲೆ ಮತ್ತು ಕಾಲುಗಳ ಕೆಳಭಾಗ ಗಾಢವಾಗಿಯೇ ಉಳಿದಿರುತ್ತವೆ. ಕಾಡುಮೊಲದಲ್ಲಿ ಬೆರಕೆ ಇನ್ನೂ ಸೂಕ್ಷ್ಮ: ಒಂದೊಂದು ಕೂದಲಿನ ಉದ್ದಕ್ಕೂ ಕಪ್ಪು ಮತ್ತು ಹಳದಿ ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ, ಇದಕ್ಕೆ 'ಅಗೌಟಿ' ಎಂದು ಹೆಸರು.

ಮಚ್ಚೆಯ ಸ್ಥಾನಕ್ಕೂ ಕಾರಣವಿದೆ. ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳ ಮೂಲಕೋಶಗಳು ಭ್ರೂಣದ ಬೆನ್ನಿನ ಗುಂಟ ಹುಟ್ಟಿ, ಅಲ್ಲಿಂದ ಹೊಟ್ಟೆ ಮತ್ತು ಪಾದಗಳತ್ತ ಸಾಗುತ್ತವೆ. ಅವು ತಲುಪದೆ ಹೋದ ಕಡೆ ತುಪ್ಪಳ ಬೆಳ್ಳಗೇ ಉಳಿಯುತ್ತದೆ. ಬೆಕ್ಕುಗಳ ಪಾದ, ಎದೆ ಮತ್ತು ಹೊಟ್ಟೆಗಳಲ್ಲಿ ಬಿಳುಪು ಹೆಚ್ಚಾಗಿ ಕಾಣುವುದು ಇದರಿಂದಲೇ. ಕಲ್ಪಿತ ಪ್ರಾಣಿಯ ಮಂಜೂ ಈ ದಿಕ್ಕಿಗೆ ಒಪ್ಪುವಂತೆ ಕೆಳಗಿಳಿದಷ್ಟೂ ಬಿಳುಪೇರಿದರೆ, ನೋಡುಗನ ಕಣ್ಣು ತಕರಾರಿಲ್ಲದೆ ನಂಬುತ್ತದೆ.

ಅಭ್ಯಾಸಕ್ಕೆ ಈಶಾನ್ಯ ಭಾರತದ ಕಾಡುಗಳಲ್ಲಿರುವ ಮೋಡ ಚಿರತೆಗಿಂತ ಒಳ್ಳೆಯ ಮಾದರಿ ಸಿಗಲಾರದು. ಅದರ ದೊಡ್ಡ ಮಚ್ಚೆಗಳ ಹಿಂಬದಿಯ ಅಂಚು ಕಪ್ಪಾಗಿ ಖಚಿತವಾಗಿದ್ದರೆ, ಮುಂಬದಿ ಮೈಬಣ್ಣದಲ್ಲಿ ಸಡಿಲಗೊಳ್ಳುತ್ತದೆ. ಒಂದು ಅಂಚು ಗಟ್ಟಿಯಾಗಿರುವುದರಿಂದಲೇ ಇನ್ನೊಂದರ ಮಬ್ಬು ಮಬ್ಬೆನಿಸುತ್ತದೆ ಎಂಬ ಈ ಸಂಗತಿಯನ್ನು ಎಲ್ಲವನ್ನೂ ಮಸುಕುಗೊಳಿಸುವ ಹೊಸಬರು ಗಮನಿಸುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದ ಪಾಠ ಕಬಿನಿಯ ಕರಿಚಿರತೆಯಲ್ಲಿದೆ: ಅದರ ಚುಕ್ಕೆಗಳು ಅಳಿದಿಲ್ಲ, ಸುತ್ತಲಿನ ಕೂದಲೂ ಕಪ್ಪಾದುದರಿಂದ ಅಡಗಿವೆಯಷ್ಟೆ, ಓರೆ ಬಿಸಿಲು ಬಿದ್ದಾಗ ಅವು ಕಪ್ಪಿನೊಳಗಿನ ಕಪ್ಪಾಗಿ ಎದ್ದು ಬರುತ್ತವೆ.

ರಚನೆಯ ಕ್ರಮದಲ್ಲಿ ಮೊದಲು ಬಣ್ಣ ಬಿಟ್ಟು ಬರಿಯ ಬೂದು ಛಾಯೆಗಳಲ್ಲಿ ಮೈಯ ಉಬ್ಬುತಗ್ಗುಗಳನ್ನು ನಿಲ್ಲಿಸಿಕೊಂಡು, ಮಚ್ಚೆಗಳನ್ನು ಬೇರೆಯದೇ ಲೇಯರ್‌ನಲ್ಲಿ, ಅಂದರೆ ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರದಲ್ಲಿ ಹಾಕುವುದು ವಾಡಿಕೆ. ಅಂಚಿಗೆ ಬಂದಾಗ ಮಾತ್ರ ಮೃದು ಬ್ರಷ್ ಕೆಳಗಿಟ್ಟು, ಕೂದಲು ಒರಗಿರುವ ದಿಕ್ಕಿನಲ್ಲೇ ಸಣ್ಣ ಗೀರುಗಳನ್ನು ಹೊರಹೊರಗೆ ವಿರಳವಾಗುವಂತೆ ಎಳೆಯಬೇಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗವು ಛಾಯೆ ಕೊಡುವ ಮೂರು ವರ್ತನಾ ವಿಧಾನಗಳಲ್ಲಿ 'ಬಿಂದುಜ'ವನ್ನು, ಎಂದರೆ ಚುಕ್ಕೆಗಳನ್ನು ದಟ್ಟವಾಗಿಯೂ ವಿರಳವಾಗಿಯೂ ಇಟ್ಟು ನೆರಳು ಮೂಡಿಸುವುದನ್ನು ಹೆಸರಿಸಿದ್ದು, ತುಪ್ಪಳದ ಮಂಜಿಗೆ ಆ ಹಳೆಯ ಉಪಾಯ ಇಂದಿನ ಯಾವ ಫಿಲ್ಟರ್‌ಗಿಂತಲೂ ಚೆನ್ನಾಗಿ ಹೊಂದುತ್ತದೆ. ಮುಗಿದ ಚಿತ್ರವನ್ನು ಹೆಬ್ಬೆರಳಿನಷ್ಟಕ್ಕೆ ಕುಗ್ಗಿಸಿ ನೋಡಿದಾಗ ಭುಜ ಯಾವುದು, ಪಕ್ಕೆ ಯಾವುದು ಎಂದು ಗುರುತು ಹತ್ತದಿದ್ದರೆ ಮಚ್ಚೆ ಹೆಚ್ಚಾಗಿದೆ. ಅರ್ಧದಷ್ಟನ್ನು ಅಳಿಸುವುದೇ ಸರಿ.