ಪಡಸಾಲೆಗೊಂದು ಕಂಪ್ಯೂಟರ್

ಹಂಪಿ ಬಳಿಯ ಸಾಣಾಪುರದ ಮಕ್ಕಳಿಗೆ ಲ್ಯಾಪ್‌ಟಾಪ್ ಅಪರೂಪದ ವಸ್ತುವಲ್ಲ. ಕೆರೆ ನೋಡಲು, ತೆಪ್ಪದಲ್ಲಿ ಸುತ್ತಲು ಬಂದವರು ಗದ್ದೆಗೆ ಮುಖ ಮಾಡಿದ ಕೆಫೆಗಳಲ್ಲಿ ಕೂತು ತೆಳ್ಳನೆಯ ಲ್ಯಾಪ್‌ಟಾಪ್ ಬಿಚ್ಚುವುದನ್ನು ಅವರು ನೋಡುತ್ತಲೇ ಬೆಳೆದಿದ್ದಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದ ಮೇಲಂತೂ ಪ್ರವಾಸಿಗರ ದೊಡ್ಡ ಪಾಲು ಇತ್ತ ಸರಿಯಿತು. ಹಾಗಾಗಿ ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಮನೆಯಲ್ಲಿ ಅಂಥದ್ದೇ ಒಂದು ಬೇಕೆಂಬ ಹಟ ಶುರುವಾಗುತ್ತದೆ. ಅಪ್ಪಂದಿರು ಗಂಗಾವತಿಗೆ ಹೋಗಿ ಕೇಳುವ ಪ್ರಶ್ನೆಯೂ ಸಿದ್ಧ: "ಸಣ್ಣ ಹುಡುಗ್ರಿಗೆ ಯಾವ ಲ್ಯಾಪ್‌ಟಾಪ್ ಚಲೋ ಐತ್ರಿ?"

ಯಾವುದೂ ಅಲ್ಲ ಎನ್ನುವುದು ನನ್ನ ಉತ್ತರ. ಒಂದರಿಂದ ಐದನೇ ತರಗತಿಯ ಮಕ್ಕಳಿರುವ ಮನೆಗೆ ಬೇಕಾದದ್ದು ಪಡಸಾಲೆಯಿಂದ ಕದಲದ ಕಂಪ್ಯೂಟರ್. ಬೇರೆಯೇ ನಿಲ್ಲುವ ಪರದೆ, ಕೀಬೋರ್ಡ್, ಮೌಸ್. ಲ್ಯಾಪ್‌ಟಾಪ್ ಹಾಸಿಗೆಗೂ ಹೋಗುತ್ತದೆ, ಮಾಳಿಗೆಗೂ ಹೋಗುತ್ತದೆ. ಅಲ್ಲಿ ಮಗು ಏನು ನೋಡುತ್ತಿದೆ ಎಂದು ಯಾರಿಗೂ ತಿಳಿಯದು. ಪಡಸಾಲೆಯ ಪರದೆ ಹಾಗಲ್ಲ. ಅವರೆಕಾಯಿ ಬಿಡಿಸುತ್ತ ಕೂತ ಅಜ್ಜಿಗೂ ಅದು ಕಾಣುತ್ತದೆ. ಕಾರ್ಟೂನು ಮುಗಿದು ಇನ್ನೇನೋ ಶುರುವಾದರೆ "ಏನದು?" ಎಂದು ಕೇಳಲು ಆಕೆಗೆ ಕಂಪ್ಯೂಟರ್ ಗೊತ್ತಿರಬೇಕಿಲ್ಲ.

ಕಾರಣ ಇನ್ನೂ ಇವೆ. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಲಿಮಣೆ ಎರಡೂ ಒಂದಕ್ಕೊಂದು ಅಂಟಿರುವುದರಿಂದ ಕೈಗೆ ಸರಿಹೋದರೆ ಕತ್ತು ಬಾಗುತ್ತದೆ, ಕತ್ತಿಗೆ ಸರಿಹೋದರೆ ಕೈ ಎತ್ತರವಾಗುತ್ತದೆ. ಡೆಸ್ಕ್‌ಟಾಪಿನ ಮಾನಿಟರನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಟ್ಟು, ಕಾಲು ನೇತಾಡದಂತೆ ಕೆಳಗೊಂದು ಮಣೆ ಹಾಕಿದರೆ ಕೆಲಸ ಮುಗಿಯಿತು. ಚಹಾ ಚೆಲ್ಲಿದರೆ ಹೋಗುವುದು ಕೆಲವು ನೂರು ರೂಪಾಯಿಯ ಕೀಬೋರ್ಡ್ ಮಾತ್ರ. ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದ್ದು ಮದರ್‌ಬೋರ್ಡಿಗೇ ಇಳಿಯುತ್ತದೆ.

ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಚರ್ಚೆಯೇ ಬೇಡ. ಎರಡು ತುಂಬುವವರೆಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ವಯಸ್ಸಿಗೆ ಕೆರೆದಂಡೆಯ ಮಣ್ಣು, ಕಿನ್ನಾಳದ ಗೊಂಬೆ ಸಾಕು. ಜಾತ್ರೆಯಲ್ಲಿ ಮಾರುವ, ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರ ಹಾಡುವ ಪ್ಲಾಸ್ಟಿಕ್ 'ಕಿಡ್ಸ್ ಲ್ಯಾಪ್‌ಟಾಪ್' ಸಹ ಬೇಡ. ಸೆಲ್ ಮುಗಿಯುವ ಮೊದಲೇ ಮನೆಯವರ ತಾಳ್ಮೆ ಮುಗಿದಿರುತ್ತದೆ.

ಆದರೂ ಫೋನು ಪುಟ್ಟ ಕೈಗಳಿಗೆ ಬಂದುಬಿಟ್ಟಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಕಾರ್ಯಕ್ರಮದ ಮೇಷ್ಟ್ರು ಊರಿಗೇ ಬಂದು ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರಲ್ಲಿ ಇಲ್ಲ ಎಂದು ಮಕ್ಕಳನ್ನು ಗುಂಪು ಮಾಡಿದ್ದರು. ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠ ಬರುತ್ತಿತ್ತು. ಶಾಲೆ ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಫೋನು ಮಕ್ಕಳ ಕೈಯಿಂದ ವಾಪಸ್ ಬರಲಿಲ್ಲ. ಫೋನಿನಲ್ಲಿ ಮಗು ಮಾಡುವುದು ಬೆರಳಿನಿಂದ ತಳ್ಳುವ ಕೆಲಸವೊಂದನ್ನೇ. ನೋಡುವುದಕ್ಕಿಂತ ಮಾಡುವುದಕ್ಕೆ ಹೆಚ್ಚು ಅನುವು ಮಾಡಿಕೊಡುವ ಯಂತ್ರವನ್ನು ನಾನು ಮಕ್ಕಳ ಕಂಪ್ಯೂಟರ್ ಎನ್ನುತ್ತೇನೆ.

ಅಗ್ಗದ, ಜನಸಾಮಾನ್ಯರ ಕಂಪ್ಯೂಟರ್ ಮಾಡುವ ಹಂಬಲ ಕರ್ನಾಟಕಕ್ಕೆ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮತ್ತು ಗೆಳೆಯರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಬೆಂಗಳೂರಿನಲ್ಲಿ 'ಸಿಂಪ್ಯೂಟರ್' ರೂಪಿಸಿದರು. ಅಂಗೈ ಅಗಲದ ಯಂತ್ರ. ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್ ಇದ್ದರೆ ಇಡೀ ಓಣಿಯೇ ಅದನ್ನು ಹಂಚಿಕೊಳ್ಳಬಹುದಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು. ಅಷ್ಟರಲ್ಲಿ ಮೊಬೈಲ್ ಓಡಿಬಿಟ್ಟಿತು. ಹೊರಗೆ ನಿಕೊಲಸ್ ನೆಗ್ರೊಪಾಂಟೆ 'ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್' ಎಂದು ಹೊರಟರು. ಹಸಿರು-ಬಿಳಿ ಬಣ್ಣ, ಕಿವಿಯಂಥ ಆಂಟೆನಾ, ಬಿಸಿಲಲ್ಲೂ ಓದಬಹುದಾದ ಪರದೆ. ಮಕ್ಕಳಿಗಾಗಿ ಅಷ್ಟು ಅಕ್ಕರೆಯಿಂದ ಮಾಡಿದ ಯಂತ್ರ ಇನ್ನೊಂದಿಲ್ಲ. ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಕೊಂಡಿತು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತ, ಭಾಷೆಗಳ ಅಂಕ ಏರಿದ್ದು ಕಾಣಲಿಲ್ಲ. ಯಂತ್ರ ಬಂದಿತ್ತು, ಪಕ್ಕದಲ್ಲಿ ಕೂತು ಹೇಳಿಕೊಡುವವರು ಸಾಕಷ್ಟು ಇರಲಿಲ್ಲ. ಪಡಸಾಲೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೊಸದೇ ಆಗಬೇಕೆಂದಿಲ್ಲ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಪುಟ್ಟ ಡಬ್ಬಿಯಂಥ ಡೆಸ್ಕ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಕೊಳ್ಳುವಾಗ ಒಂದು ದಿನಾಂಕ ನೆನಪಿರಲಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಗಡಿಯವರು "ಐ5 ಐತ್ರಿ" ಎಂದಷ್ಟೇ ಹೇಳಿದರೆ ಸಾಲದು, ಎಷ್ಟನೆಯ ತಲೆಮಾರು ಎಂದು ಕೇಳಿ. ಹಳೆಯದೇ ಸಿಕ್ಕರೂ ಲಿನಕ್ಸ್ ಹಾಕಿಸಿಕೊಂಡರೆ ಮಕ್ಕಳ ಕೆಲಸಕ್ಕೆ ಧಾರಾಳವಾಯಿತು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ಉಳಿದ ದುಡ್ಡನ್ನು ಮಾನಿಟರಿಗೆ ಹಾಕಿ.

ಇನ್ನು ಕರೆಂಟು. ಯಾವ ಜಾಹೀರಾತೂ ಹೇಳದ ಸಂಗತಿ ಇಲ್ಲಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಅಂಥಲ್ಲಿ ಡೆಸ್ಕ್‌ಟಾಪ್ ಹಾಕಿ ಬರಿಗಾಲಲ್ಲಿ ನಿಂತು ಅದರ ಲೋಹದ ಮೈ ಮುಟ್ಟಿ ನೋಡಿದರೆ ಬೆರಳಿಗೆ ಜುಮ್ ಎನ್ನುತ್ತದೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ತುಸು ಸೋರಿಕೆಯನ್ನು ಭೂಮಿಗೆ ಬಿಡಲು ನೋಡುತ್ತದೆ. ದಾರಿಯಿಲ್ಲದಿದ್ದರೆ ಡಬ್ಬಿಯ ಮೈಮೇಲೆ ಸುಮಾರು 110 ವೋಲ್ಟ್ ನಿಲ್ಲುತ್ತದೆ. ಮುಟ್ಟಿದಾಗ ಹರಿಯುವ ವಿದ್ಯುತ್ತು ತೀರಾ ಕಡಿಮೆ, ನಿಜ. ಆದರೆ ಒಳಗಿನ ತಂತಿ ಎಂದಾದರೂ ಕೆಟ್ಟು ಡಬ್ಬಿಗೆ ತಾಗಿದರೆ ಅದು ಆಟವಲ್ಲ. ಕಂಪ್ಯೂಟರ್ ಬರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಮಾಡಿಸಿ. ಕಂಪ್ಯೂಟರ್ ಖರ್ಚಿನಲ್ಲೇ ಇದನ್ನೂ ಲೆಕ್ಕ ಹಿಡಿಯಿರಿ.

ಕರೆಂಟು ಹೋದಾಗ ಪುಟ್ಟ ಡೆಸ್ಕ್‌ಟಾಪು, ಸಣ್ಣ ಎಲ್‌ಇಡಿ ಮಾನಿಟರು ಎರಡೂ ಸೇರಿ ಎಳೆಯುವುದು ಒಂದು ಫ್ಯಾನಿನಷ್ಟು ವಿದ್ಯುತ್ತು. ಮನೆಯ ಇನ್ವರ್ಟರ್ ಅದನ್ನು ತಡೆದುಕೊಳ್ಳುತ್ತದೆ. ಭತ್ತ ಕೊಯ್ಲಿನ ದಿನಗಳಲ್ಲಿ ಏಳುವ ದೂಳು, ಹೊಟ್ಟು ಮಾತ್ರ ಡಬ್ಬಿಯ ಫ್ಯಾನಿಗೆ ಕಂಟಕ. ಸುಗ್ಗಿ ಮುಗಿದ ಮೇಲೆ ಬಿಚ್ಚಿ ಗಾಳಿ ಹೊಡೆಸಬೇಕು. ರಾತ್ರಿ ದೀಪ ಆರಿಸಿ ಕೂತರೆ ಗದ್ದೆಯ ಜಿಗಿಹುಳುಗಳೆಲ್ಲ ಪರದೆಯ ಮೇಲೇ ಸಭೆ ಸೇರುತ್ತವೆ. ಮಕ್ಕಳು ಆ ಹೊತ್ತಿಗೆ ಮಲಗಲಿ ಎನ್ನಲು ಇನ್ನೊಂದು ನೆಪ.

ಒಳಗೆ ಏನು ಹಾಕಿಸಬೇಕು? ಮೊದಲು ಟಕ್ಸ್ ಪೇಂಟ್. 2002ರಿಂದ ಉಚಿತವಾಗಿ ಸಿಗುವ ಚಿತ್ರ ಬಿಡಿಸುವ ತಂತ್ರಾಂಶ, ಕನ್ನಡದಲ್ಲೂ ಇದೆ. ಗೆರೆ ಎಳೆದರೆ ಸದ್ದು ಬರುತ್ತದೆ. ಆ ಸದ್ದಿಗೇ ಮಗು ಇನ್ನೊಂದು ಗೆರೆ ಎಳೆಯುತ್ತದೆ, ಮೌಸು ಮೇಜಿನ ಅಂಚು ದಾಟಿ ಗಾಳಿಯಲ್ಲಿ ಓಡುತ್ತದೆ. ಎತ್ತಿ ಮತ್ತೆ ನಡುವೆ ಇಡಬಹುದೆಂದು ಯಾರೂ ಹೇಳಿಕೊಡಬೇಕಿಲ್ಲ, ಎರಡು ದಿನದಲ್ಲಿ ತಾನೇ ಕಂಡುಕೊಳ್ಳುತ್ತದೆ. ಆಮೇಲೆ ಕನ್ನಡ ಟೈಪಿಂಗ್. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅನುಸರಿಸಿದೆ; ಲಿನಕ್ಸ್‌ನಲ್ಲೂ ಕಗಪ ಹೆಸರಿನಲ್ಲಿ ಅದೇ ಇದೆ. ಅದರಲ್ಲಿ 'ಅಮ್ಮ' ಬರೆಯಲು ಒತ್ತಬೇಕಾದದ್ದು ಎ, ಎಂ, ಎಫ್, ಎಂ. ನಡುವಿನ ಎಫ್ ಒತ್ತಿದೊಡನೆ ಮ ಅರ್ಧವಾಗಿ 'ಮ್' ಆಗುತ್ತದೆ, ಮುಂದಿನ ಮ ಅದರ ಕೆಳಗೆ ಹೋಗಿ ಕೂರುತ್ತದೆ. ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಿಣುಕುವ ಮಗು ಇದನ್ನು ಕಣ್ಣಾರೆ ನೋಡಿದರೆ ಕಾಪಿ ಬರೆಸುವ ಕಷ್ಟ ಅರ್ಧ ಇಳಿಯುತ್ತದೆ.

ಇಂಟರ್‌ನೆಟ್ ಮೊದಲ ವರ್ಷ ಬೇಡವೇ ಬೇಡ. ಬಂಡೆಗುಡ್ಡಗಳ ನಡುವೆ ಸಿಗ್ನಲ್ ಹೇಗೂ ಅಷ್ಟಕ್ಕಷ್ಟೆ. ಸರ್ಕಾರಿ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತ. ಕಿವಿಕ್ಸ್ ಎಂಬ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನೇ ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಂಡರೆ ವರ್ಷಕ್ಕಾಗುವಷ್ಟು ಓದು.

ಕೊಳ್ಳುವ ತಾಕತ್ತಿಲ್ಲದಿದ್ದರೆ ಸಾಲ ಮಾಡಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ, ಬಹಳಷ್ಟು ಕಡೆ ಕಂಪ್ಯೂಟರೂ ಬಂದಿದೆ. ನಿಮ್ಮ ಪಂಚಾಯಿತಿಯದ್ದು ಹೊದಿಕೆ ಹೊದ್ದು ಮಲಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮನೆಗೆ ಒಂದು ಕೊಳ್ಳುವುದಕ್ಕಿಂತ ಅದು ಅಗ್ಗ.

ಕೊಳ್ಳುವುದೇ ಆದರೆ ಗಂಗಾವತಿಗೆ ಮಗುವನ್ನೂ ಕರೆದೊಯ್ಯಿರಿ. ಡಬ್ಬಿ ನೀವು ಆರಿಸಿ, ಮೌಸನ್ನು ಮಗು ಆರಿಸಲಿ. ದೊಡ್ಡವರ ಮೌಸು ಪುಟ್ಟ ಅಂಗೈ ತುಂಬ ಬಂದು ಬೆರಳು ಗುಂಡಿ ಮುಟ್ಟದೆ ಜಾರುತ್ತದೆ. ಚಿಕ್ಕದು, ತಂತಿಯಿರುವುದು ಒಳ್ಳೆಯದು: ಸೆಲ್ ಹಾಕುವ ತಾಪತ್ರಯವಿಲ್ಲ, ಎಲ್ಲೋ ಬಿಸಾಡಿ ಮರೆಯುವ ಹಾಗೂ ಇಲ್ಲ.